ಅವ್ವ ತೊಳೆದಿಟ್ಟ ಮಷೀನುಗಳು

ನಮ್ಮ ಮನೆಯಲ್ಲಿ ಕುರ್ಚಿಗಳಿರಲಿಲ್ಲ ಎಂದು ಯಾರೂ ತಿಳಿಯಬಾರದು. ನಾಲ್ಕು ಇದ್ದವು, ಬೀಟೆಮರದವು. ಆದರೆ ಮನೆಗೆ ಬಂದವರು ಕೂರಬೇಕೆಂದರೆ ಮೊದಲು ಕುರ್ಚಿಯ ಮೇಲಿದ್ದ ಗೇರನ್ನೋ ರೋಲರನ್ನೋ ಎತ್ತಿ ಕೆಳಗಿಡಬೇಕಿತ್ತು, ಆಮೇಲೆ ಕೈ ಒರೆಸಿಕೊಳ್ಳಲು ಬಟ್ಟೆ ಕೇಳಬೇಕಿತ್ತು. ನಂಜನಗೂಡಿನಲ್ಲಿ ಕಪಿಲೆಯ ಕಡೆಗೆ ಇಳಿಯುವ ಬೀದಿಯೊಂದರಲ್ಲಿ ನಮ್ಮದು ಉದ್ದನೆಯ ಮನೆ. ಮುಂದೆ ಪಡಸಾಲೆ, ಪಕ್ಕದಲ್ಲಿ ದೇವರಮನೆ, ಹಿಂದೆ ಅಡುಗೆಮನೆ, ಅದರಾಚೆ ಬಾವಿ ಮತ್ತು ಸೀಬೆಮರವಿದ್ದ ಹಿತ್ತಲು. ಇಷ್ಟರಲ್ಲಿ ಮಷೀನುಗಳಿಗೆ ಪ್ರವೇಶವಿಲ್ಲದ ಜಾಗವೆಂದರೆ ದೇವರಮನೆ ಮತ್ತು ಅಡುಗೆಮನೆ ಮಾತ್ರ. ಆ ಎರಡು ಹೊಸ್ತಿಲುಗಳನ್ನು ಅವ್ವ ಕಾಯುತ್ತಿದ್ದಳು. ಉಳಿದ ಮನೆಯೆಲ್ಲ ಅಪ್ಪನದು. ಮುಚ್ಚಿಹೋದ ಪ್ರೆಸ್ಸುಗಳಿಂದ ಹಳೆಯ ಮುದ್ರಣಯಂತ್ರಗಳನ್ನು ಕೊಂಡು ತರುವುದು, ಬಿಚ್ಚುವುದು, ಉಜ್ಜುವುದು, ಸವೆದದ್ದನ್ನು ಬದಲಾಯಿಸಿ ಹೊಸದಾಗಿ ಪ್ರೆಸ್ ಇಡುವವರಿಗೆ ಮಾರುವುದು ಅವನ ಕಸುಬು. ಮೈಸೂರಿನ ಪ್ರೆಸ್ಸುಗಳು ಒಂದೊಂದಾಗಿ ಆಫ್‌ಸೆಟ್ಟಿಗೆ ಬದಲಾಗುತ್ತಿದ್ದ ಕಾಲ. ಅಲ್ಲಿ ಬೇಡವಾದ ಟ್ರೆಡಲ್ ಮಷೀನುಗಳು, ಅಂದರೆ ಕಾಲಿನಿಂದ ತುಳಿದು ಓಡಿಸುವ ಅಚ್ಚಿನ ಯಂತ್ರಗಳು, ನಮ್ಮ ಪಡಸಾಲೆಗೆ ಬಂದು ಸ್ವಲ್ಪ ದಿನ ಇದ್ದು, ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ ಹಾಕುವ ಸಣ್ಣ ಊರುಗಳಿಗೆ ಹೋಗುತ್ತಿದ್ದವು. ನೆಂಟರು ಬಂದು ಹೋಗುವಂತೆಯೇ. ನೆಂಟರಿಗಿಂತ ಅವಕ್ಕೆ ನಮ್ಮ ಮನೆಯಲ್ಲಿ ಮರ್ಯಾದೆ ಜಾಸ್ತಿ ಇತ್ತು ಎಂಬುದು ಅವ್ವನ ದೂರು.

ಬೀದಿಯವರು ಅಪ್ಪನನ್ನು ಬೆನ್ನ ಹಿಂದೆ ಗುಜರಿ ನಂಜುಂಡಪ್ಪ ಅನ್ನುತ್ತಿದ್ದರು. ಎದುರಿಗೆ ಅಂದವರು ಒಬ್ಬಿಬ್ಬರು. ಅವರು ಎರಡನೇ ಸಲ ಅನ್ನಲಿಲ್ಲ. ಅಪ್ಪ ಗಟ್ಟಿಯಾಗಿ ಕೂಗುವ ಮನುಷ್ಯನಲ್ಲ, ಆದರೆ ಆ ಒಂದು ಮಾತು ಕಿವಿಗೆ ಬಿದ್ದರೆ ಕೂತಲ್ಲಿಂದ ಎದ್ದುಬಿಡುತ್ತಿದ್ದ.

"ಗುಜರಿಯೋನು ತೂಕಕ್ಕೆ ತಗೋತಾನೆ ಕಣಯ್ಯ. ನಾನು ಓಡೋ ಮಷೀನ್ ತಗೋತೀನಿ. ನಿಂತೋಗಿದ್ರೆ ಓಡಿಸ್ತೀನಿ. ಎರಡೂ ಒಂದೇ ಏನಯ್ಯ?"

ಆ ಸಿಟ್ಟು ನನಗೂ ಬಂದಿದೆ. ಈಗ ತಾಂಡವಪುರದ ಹತ್ತಿರ ರಸ್ತೆ ಪಕ್ಕದಲ್ಲಿ ನನ್ನದೇ ಶೆಡ್ಡಿದೆ. ಆಫ್‌ಸೆಟ್, ಕಟಿಂಗ್, ಪಿನ್ನಿಂಗ್, ಯಾವ ಹಳೆಯ ಮಷೀನು ಬೇಕೆಂದರೂ ಜನ ಬರುತ್ತಾರೆ. ಯಾರಾದರೂ ಬಾಗಿಲಲ್ಲಿ ನಿಂತು "ಮೇಡಂ, ಸ್ಕ್ರ್ಯಾಪ್ ಏನಾದ್ರೂ ಇದ್ಯಾ" ಅಂದರೆ ನಾನು ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಊಟ ಮಾತ್ರ ಅವ್ವನ ರಾಜ್ಯದಲ್ಲಿ. ಪಡಸಾಲೆಯಲ್ಲಿ ಎಲೆ ಹಾಕಲು ಜಾಗವಿಲ್ಲದ್ದರಿಂದ ಎಲ್ಲರೂ ಅಡುಗೆಮನೆಯಲ್ಲೇ ಸಾಲಾಗಿ ಕೂರುತ್ತಿದ್ದೆವು. ಸಾಲು ಅಂದರೆ ಅಪ್ಪ, ನಾನು, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಫಿಟ್ಟರ್ ಮಾದೇವಣ್ಣ. ಅಪ್ಪ ಕೈಯನ್ನು ಸೀಮೆಎಣ್ಣೆಯಲ್ಲಿ ಒಮ್ಮೆ, ಒಲೆಯ ಬೂದಿಯಲ್ಲಿ ಒಮ್ಮೆ, ಸೀಗೆಪುಡಿಯಲ್ಲಿ ಒಮ್ಮೆ ತೊಳೆದು ಬರಬೇಕು. ಬಂದು ಕೂತ ಮೇಲೆ ಅವ್ವ ಅವನ ಬಲಗೈ ಹಿಡಿದು ಮೂಸಿ ನೋಡುತ್ತಿದ್ದಳು. ಸೀಮೆಎಣ್ಣೆ ವಾಸನೆ ಇದ್ದರೆ ಮುದ್ದೆ ಬಡಿಸುತ್ತಿರಲಿಲ್ಲ. ಅಪ್ಪ ಎದ್ದು ಮತ್ತೆ ಬಾವಿಕಟ್ಟೆಗೆ ಹೋಗುತ್ತಿದ್ದ. ಬಸ್ಸಾರು ಆರಿಹೋಗುತ್ತದೆಂದು ಮಾದೇವಣ್ಣ ಮಾತ್ರ ಮೊದಲೇ ಚೆನ್ನಾಗಿ ತೊಳೆದುಕೊಂಡು ಬರುತ್ತಿದ್ದ. ಒಂದು ಸಲ ಅವ್ವ ಅಚ್ಚುಮೊಳೆಗಳನ್ನು, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡುಗಳನ್ನು, ಇಡುವ ಮರದ ಕೇಸೊಂದನ್ನು ಕಂಡು ಆಸೆಪಟ್ಟಳು. ನೂರಾರು ಪುಟ್ಟ ಪುಟ್ಟ ಮನೆಗಳಿದ್ದ ದೊಡ್ಡ ತಟ್ಟೆಯಂಥದ್ದು. ಸಾಸಿವೆಗೆ ಒಂದು ಮನೆ, ಮೆಂತ್ಯಕ್ಕೆ ಒಂದು ಮನೆ ಎಂದು ಅವಳ ಲೆಕ್ಕ. ಅಪ್ಪ ಕೊಡುವುದೇ ಇಲ್ಲವೆಂದ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅಪ್ಪ ಕಾರಣ ಹೇಳಿದ.

"ಅದರಲ್ಲಿ ನಲವತ್ತು ವರ್ಷ ಸೀಸ ಕೂತಿತ್ತು ಕಣೇ. ಅದ್ರಲ್ಲಿ ಮೆಣಸು ಹಾಕ್ತೀಯಾ? ನಮ್ಮನ್ನೆಲ್ಲ ಮೇಲಕ್ಕೆ ಕಳಿಸ್ಬೇಕು ಅಂತ ಮಾಡಿದ್ಯಾ?"

"ಮೊದ್ಲೇ ಹಂಗಂತ ಹೇಳಕ್ಕೇನಾಗಿತ್ತು? ಮಷೀನ್ ಸಾಮಾನು ಮುಟ್ಬೇಡ, ಮುಟ್ಬೇಡ ಅಂತೀರೇ ಹೊರ್ತು, ಯಾಕೆ ಅಂತ ಒಂದಿನ ಹೇಳಿದೀರಾ?"

ಅವ್ವ ಹೇಳಿದ್ದು ನಿಜ. ಅಪ್ಪ ಯಾವುದನ್ನೂ ವಿವರಿಸುತ್ತಿರಲಿಲ್ಲ. ಮಾಡುತ್ತಿದ್ದ, ನೋಡಿದವರು ಕಲಿಯಬೇಕಿತ್ತು. ಕೊನೆಗೆ ಆ ಕೇಸಿನಲ್ಲಿ ಅವ್ವನ ಬಳೆ, ಗುಂಡಿ, ದಾರದುಂಡೆಗಳು ಸೇರಿಕೊಂಡವು, ಜಗಳ ಅಲ್ಲಿಗೆ ಮುಗಿಯಿತು. ಆದರೆ ಅದೇ ಗುಣದಿಂದ ಮುಂದೆ ಇನ್ನೂ ದೊಡ್ಡ ಎಡವಟ್ಟಾಯಿತು.

ಅಪ್ಪ ಹೇಳದೆ ನಾನು ಕಲಿತದ್ದರಲ್ಲಿ ಮೊದಲನೆಯದು ಹಾಳೆಯ ಬೆನ್ನು ನೋಡುವುದು. ಮಷೀನು ಜೋಡಿಸಿ ಮುಗಿದ ಮೇಲೆ ಅಪ್ಪ ಅದರಲ್ಲಿ ಒಂದು ಹಾಳೆ ಅಚ್ಚು ಹಾಕುತ್ತಿದ್ದ. ಬೇರೆಯವರು ಅಚ್ಚಾದ ಮುಖ ನೋಡುತ್ತಾರೆ. ಅಪ್ಪ ಹಾಳೆಯನ್ನು ತಿರುಗಿಸಿ, ಕಣ್ಣು ಎಲ್ಲೋ ಇಟ್ಟುಕೊಂಡು, ಬೆರಳ ತುದಿಯಿಂದ ಅದರ ಹಿಂಭಾಗ ಸವರುತ್ತಿದ್ದ. ಮೊಳೆ ಹಾಳೆಯನ್ನು ಒತ್ತಿದಾಗ ಬೆನ್ನಿನಲ್ಲಿ ಸಣ್ಣಗೆ ಉಬ್ಬುತ್ತದಲ್ಲ, ಅದು ನಾಲ್ಕು ಮೂಲೆಯಲ್ಲೂ ಒಂದೇ ಸಮ ಇರಬೇಕು. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಇದ್ದರೆ ಯಂತ್ರದ ಒಳಗೆ ಎಲ್ಲೋ ಸೊಟ್ಟವಿದೆ ಎಂದರ್ಥ. ಜಾಸ್ತಿ ಒತ್ತುವ ಕಡೆ ಮೊಳೆಗಳು ಬೇಗ ನುಜ್ಜಾಗಿ ಹೋಗುತ್ತವೆ. ಅಪ್ಪ ಸವರಿ ಕೆಳಗಿಟ್ಟ ಹಾಳೆಗಳನ್ನು ನಾನು ಎತ್ತಿಕೊಂಡು ಸವರುತ್ತಿದ್ದೆ. ನನ್ನ ವಯಸ್ಸಿನ ಹುಡುಗಿಯರು ಕವಡೆ ಆಡುವ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಲಗ್ನಪತ್ರಿಕೆಗಳ ಬೆನ್ನು ಸವರುತ್ತ ಕೂತಿರುತ್ತಿದ್ದೆ. ನನ್ನ ಬೆರಳುಗಳು ಆಗ ಕಲಿತದ್ದನ್ನು ಇವತ್ತಿಗೂ ಮರೆತಿಲ್ಲ, ಈ ಮಾತನ್ನು ಜಂಬದಿಂದಲೇ ಹೇಳುತ್ತೇನೆ.

ಮನೆಯಲ್ಲಿ ನನಗೆ ವಹಿಸಿದ್ದ ಕೆಲಸ ಬಣ್ಣ ಕೆರೆಯುವುದು. ಹಳೆಯ ಮಷೀನಿನ ಬಿಡಿಭಾಗಗಳ ಮೇಲೆ ಪದರ ಪದರವಾಗಿ ಬಣ್ಣ, ಮಸಿ, ಜಿಡ್ಡು ಕಟ್ಟಿಕೊಂಡಿರುತ್ತಿತ್ತು. ಶಾಲೆಯಿಂದ ಬಂದು ಸೀಬೆಮರದ ಕೆಳಗೆ ಗೋಣಿತಾಟಿನ ಮೇಲೆ ಕೂತು, ಮೊಂಡಾದ ಚೂರಿಯಿಂದ ಅದನ್ನೆಲ್ಲ ಕೆರೆದು ಕಬ್ಬಿಣ ಕಾಣಿಸುವಂತೆ ಮಾಡುತ್ತಿದ್ದೆ. ಸ್ಪ್ಯಾನರ್ ಮುಟ್ಟಲು ಮಾತ್ರ ಅಪ್ಪ ಬಿಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು, ಸ್ಪ್ಯಾನರ್ ಜಾರಿದರೆ ಬೆರಳು ಹೋಗುತ್ತೆ, ಆಮೇಲೆ ನಿನ್ನನ್ನು ಯಾರು ಮದುವೆಯಾಗುತ್ತಾರೆ ಎಂದು. ಮಾದೇವಣ್ಣನಿಗೆ ಎಡಗೈಯಲ್ಲಿ ಒಂದು ಬೆರಳು ಅರ್ಧ ಇಲ್ಲ, ಅವನಿಗೆ ಮದುವೆಯಾಗಿಲ್ಲವೆ ಎಂದು ನಾನು ವಾದ ಮಾಡುತ್ತಿದ್ದೆ. ಅಪ್ಪ ನಗುತ್ತಿದ್ದ, ಆದರೆ ಸ್ಪ್ಯಾನರ್ ಕೊಡುತ್ತಿರಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ದಸರಾ ರಜೆಗೆ ಮುಂಚೆ ನರಸೀಪುರದಿಂದ ಪುಟ್ಟಸ್ವಾಮಿ ಎಂಬವರು ಬಂದರು. ಮೈಸೂರಿನ ಪ್ರೆಸ್ಸೊಂದರಲ್ಲಿ ಚಿಕ್ಕಂದಿನಿಂದ ಮೊಳೆ ಜೋಡಿಸುತ್ತ ತಲೆ ನರೆತವರು. ಆ ಪ್ರೆಸ್ ಮುಚ್ಚಿದಾಗ ಮಾಲೀಕರು, ನೀನೇ ಮುಟ್ಟಿ ಮುಟ್ಟಿ ಸವೆಸಿದ್ದೀಯ, ನೀನೇ ಇಟ್ಟುಕೋ ಎಂದು ಕನ್ನಡ ಮೊಳೆಗಳ ಕೇಸುಗಳನ್ನೆಲ್ಲ ಅವರಿಗೆ ಕೊಟ್ಟಿದ್ದರು. ಅಷ್ಟು ವರ್ಷದ ದುಡಿಮೆಗೆ ಅವರ ಹತ್ತಿರ ಉಳಿದಿದ್ದ ಆಸ್ತಿ ಅದೇ. ಈಗ ತಮ್ಮ ಊರಿನಲ್ಲಿ ಸ್ವಂತ ಪ್ರೆಸ್ ಇಡಬೇಕು, ವಿಜಯದಶಮಿಯ ಮಧ್ಯಾಹ್ನ ಮೊದಲ ಹಾಳೆ ಅಚ್ಚಾಗಬೇಕು.

"ಮೊಳೆ ಅವೆ ನಂಜುಂಡಪ್ನೋರೆ, ಮಷೀನೊಂದು ಇಲ್ಲ. ನಂಗೆ ಅದ್ರ ವಿಚಾರ ಏನೂ ಗೊತ್ತಿಲ್ಲ. ನೀವು ಒಳ್ಳೇದು ಅಂದ್ರೆ ಒಳ್ಳೇದು. ನನ್ ಮೊಳೆಗೆ ಏಟು ಬೀಳ್ದಂಗೆ ಇರ್ಬೇಕು, ಅಷ್ಟೇಯ."

ಅಪ್ಪ ಒಪ್ಪಿಕೊಂಡ. ಅಪ್ಪ ಒಪ್ಪಿಕೊಂಡನೆಂದರೆ ಬರೆದುಕೊಟ್ಟ ಹಾಗೆ. ಆಗಷ್ಟೇ ಮೈಸೂರಿನ ಇನ್ನೊಂದು ಮುಚ್ಚಿದ ಪ್ರೆಸ್ಸಿನಿಂದ ಎರಡು ಟ್ರೆಡಲ್‌ಗಳು ಬಂದಿದ್ದವು. ಒಂದೇ ಕಂಪನಿಯವು, ಒಂದೇ ಅಳತೆಯವು, ಪಕ್ಕಪಕ್ಕದಲ್ಲಿ ನಿಂತು ದುಡಿದವು. ಅಲ್ಲಿನ ಬಾಗಿಲು ಕಿರಿದಾಗಿದ್ದರಿಂದ ಎರಡನ್ನೂ ಪೂರ್ತಿ ಬಿಚ್ಚಿಯೇ ತಂದಿದ್ದರು. ಒಂದರ ಭಾಗಗಳೆಲ್ಲ ಬಾವಿಯ ಪಕ್ಕ, ಇನ್ನೊಂದರದು ಸೀಬೆಮರದ ಕೆಳಗೆ. ನೋಡಲು ಅವಳಿ ಮಕ್ಕಳಾದರೂ ಹಳೆಯ ಯಂತ್ರದ ಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ, ಏಕೆಂದರೆ ಪ್ರತಿಯೊಂದೂ ತನ್ನ ಜೊತೆಯದರ ಜೊತೆಗೇ ಸವೆದಿರುತ್ತದೆ. ಹಾಗಾಗಿ ಗುರುತು ಹಾಕಬೇಕು. ಬೇರೆಯವರು ಕಬ್ಬಿಣದ ಮೇಲೆ ಉಳಿಯಿಂದ ಕಚ್ಚು ಹೊಡೆಯುತ್ತಾರೆ. ಅಪ್ಪನಿಗೆ ಅದು ಆಗದು, ಮಷೀನಿನ ಮೈಗೆ ಗಾಯ ಮಾಡಬಾರದು ಅನ್ನುತ್ತಿದ್ದ. ಅವನದು ಬರೀ ಸೀಮೆಸುಣ್ಣದ ಗುರುತು. ಬಾವಿಯ ಪಕ್ಕದ ಒಂದನೇ ಮಷೀನಿನದಕ್ಕೆಲ್ಲ ಒಂದು ಗೆರೆ, ಎರಡನೆಯದಕ್ಕೆಲ್ಲ ಎರಡು ಗೆರೆ. ಈ ವಿಷಯ ಅಪ್ಪನಿಗೆ ಗೊತ್ತು, ಮಾದೇವಣ್ಣನಿಗೆ ಗೊತ್ತು. ಅವ್ವನಿಗೆ ಯಾರೂ ಹೇಳಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಅಪ್ಪನೂ ಮಾದೇವಣ್ಣನೂ ಮಷೀನು ಕೂರಿಸುವ ಜಾಗಕ್ಕೆ ಗಾರೆ ಹಾಕಿಸಲು ನರಸೀಪುರಕ್ಕೆ ಹೋಗಿ ಅಲ್ಲೇ ಉಳಿದರು. ಇತ್ತ ಅವ್ವ ಮನೆ ತೊಳೆಯಲು ನಿಂತಳು. ವರ್ಷಕ್ಕೊಂದು ದಿನ ಅವಳಿಗೆ ಇಡೀ ಮನೆಯ ಮೇಲೆ ಅಧಿಕಾರ ಸಿಗುವುದು ಆಯುಧಪೂಜೆಗೆ. ಈಳಿಗೆಮಣೆ, ಕತ್ತರಿ, ತಕ್ಕಡಿ, ಸುತ್ತಿಗೆ ಎಲ್ಲ ಆದವು. ಹಿತ್ತಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಆ ಎರಡು ಗುಡ್ಡೆಗಳನ್ನು ನೋಡಿದಳು.

"ಇವು ಹಿಂಗೇ ಬಿದ್ದಿದ್ರೆ ನಾಳೆ ಪೂಜೆ ಹೆಂಗೆ ಮಾಡೋದು? ನೀನು ಕೆರೆದ್ರೂ ಇನ್ನೂ ಮಸೀಲಿ ಮುಳುಗವೆ. ಬಾ ಮಗಾ, ಕೈ ಹಾಕು."

ಹಾಕಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ತೊಳೆದವರಲ್ಲಿ ನಾನೂ ಒಬ್ಬಳು. ಗೆರೆಗಳನ್ನು ಕಂಡಿದ್ದೆ, ಸಾಗಿಸುವವರು ಎಳೆದ ಗೀಟು ಇರಬೇಕೆಂದುಕೊಂಡೆ. ಸೋಪಿನಪುಡಿ, ತೆಂಗಿನನಾರು, ಬಾವಿಯ ನೀರು. ಬೆಳಗಿನಿಂದ ಸಂಜೆಯವರೆಗೆ ಉಜ್ಜಿದೆವು. ನೀರು ನಿಲ್ಲದಂತೆ ಒರೆಸಿ, ತುಕ್ಕು ಹಿಡಿಯದಿರಲೆಂದು ಅವ್ವ ಹರಳೆಣ್ಣೆ ಸವರಿದಳು. ಆಮೇಲೆ ಅವುಗಳನ್ನು ಒಪ್ಪವಾಗಿ ಜೋಡಿಸಿದಳು. ಎಂಥ ಜೋಡಣೆ ಅಂತೀರಿ! ಗೇರುಗಳ ಜೊತೆ ಗೇರುಗಳು, ಉದ್ದದವುಗಳ ಜೊತೆ ಉದ್ದದವು, ದುಂಡನೆಯವುಗಳ ಜೊತೆ ದುಂಡನೆಯವು, ದೊಡ್ಡದರಿಂದ ಚಿಕ್ಕದಕ್ಕೆ. ಅಟ್ಟಣಿಗೆಯಲ್ಲಿ ಪಾತ್ರೆ ಜೋಡಿಸಿದ ಹಾಗೆ. ಮರುದಿನ ಬೆಳಿಗ್ಗೆ ಪ್ರತಿಯೊಂದಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ಹಿತ್ತಲು ನೋಡಿ ನನಗೇ ಹೆಮ್ಮೆಯಾಯಿತು.

ಅಪ್ಪ ಮೊದಲ ಬಸ್ಸಿಗೆ ಬಂದ. ಹಿತ್ತಲ ಬಾಗಿಲಲ್ಲಿ ನಿಂತ. ಹಿಂದಿನಿಂದ ಮಾದೇವಣ್ಣ ಇಣುಕಿ ನೋಡಿ, "ಅಯ್ಯೋ ಸಿವನೇ" ಅಂದ. ಅವ್ವ ಹೊಗಳಿಕೆಗಾಗಿ ಕಾಯುತ್ತಿದ್ದಳು.

"ಗೆರೆ ಎಲ್ಲಿ?" ಎಂದ ಅಪ್ಪ.

"ಯಾವ ಗೆರೆ?"

ಅಪ್ಪ ಹೇಳಿದ. ಅವ್ವನ ಮುಖ ಸಣ್ಣಗಾಯಿತು. ಅಪ್ಪ ಬೈಯಲಿಲ್ಲ. ವಿಭೂತಿ ಬಳಿದು ಹೂವಿಟ್ಟದ್ದರ ಮುಂದೆ ನಿಂತು ಬೈಯುವುದಾದರೂ ಹೇಗೆ? ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ನಾಳೆ ಮಧ್ಯಾಹ್ನ ನರಸೀಪುರದಲ್ಲಿ ಮಷೀನು ಓಡಬೇಕು. ಮಾದೇವಣ್ಣ ಸ್ಪ್ಯಾನರ್ ಚೀಲಕ್ಕೆ ಕೈ ಹಾಕಿದ.

"ಬನ್ನಿ ಯಜಮಾನ್ರೆ, ಒಂದೊಂದೇ ಹಾಕಿ ಬಿಗ್ದು ನೋಡುವ. ಸರ್ಯಾಗಿ ಕೂರ್ದೆ ಇದ್ರೆ ತಗ್ದು ಇನ್ನೊಂದು."

"ಅದಕ್ಕೂ ಪೂಜೆ ಆಗೋಗದೆ," ಎಂದಳು ಅವ್ವ, ಮೆಲ್ಲಗೆ. ಸ್ಪ್ಯಾನರುಗಳ ಮೇಲೂ ಚೆಂಡುಹೂವಿತ್ತು. ಪೂಜೆಯಾದ ಆಯುಧ ಆ ದಿನ ಕೆಲಸಕ್ಕಿಲ್ಲ. ಅಪ್ಪ ಅದನ್ನು ಒಂದು ವರ್ಷವೂ ಮೀರಿದವನಲ್ಲ, ಅವತ್ತು ಮೀರುತ್ತಾನೆಂದು ನಾವ್ಯಾರೂ ಅಂದುಕೊಳ್ಳಲಿಲ್ಲ.

ಆಗ ನಾನು ಬಾಯಿಬಿಟ್ಟೆ. ಸ್ಪ್ಯಾನರ್ ಬೇಡ, ಕೈ ಸಾಕು ಎಂದೆ. ಯಾಕೆಂದರೆ ಬಾವಿಯ ಪಕ್ಕದ ಮಷೀನು ಅದರ ಹಳೆಯ ಪ್ರೆಸ್ಸಿನಲ್ಲಿ ಕಿಟಕಿಯ ಬಳಿ ಇದ್ದಿರಬೇಕು. ಮಳೆಯ ಎರಚಲು ಬಿದ್ದು ಬಿದ್ದು ಅದರ ಕಬ್ಬಿಣದಲ್ಲಿ ಸಿಡುಬಿನ ಕಲೆಯಂಥ ಸಣ್ಣ ಸಣ್ಣ ಗುಳಿಗಳಿದ್ದವು. ಸೀಬೆಮರದ ಕೆಳಗಿನದು ನುಣುಪು. ಕಣ್ಣಿಗೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ, ಅವ್ವನ ಹರಳೆಣ್ಣೆ ಎಲ್ಲವನ್ನೂ ಒಂದೇ ಥರ ಹೊಳೆಯುವಂತೆ ಮಾಡಿತ್ತು. ಆದರೆ ಹದಿನೈದು ದಿನ ಅವುಗಳ ಬಣ್ಣ ಕೆರೆದವಳು ನಾನು. ಒಂದು ಗೇರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಹಿಂಭಾಗ ಸವರಿದೆ.

"ಇದು ಒಂದನೇದು."

ಅಪ್ಪ ಎದ್ದು ಬಂದು ತಾನೂ ಸವರಿ ನೋಡಿದ. ನನ್ನ ಮುಖ ನೋಡಿದ. ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದು ಗೆರೆ ಎಳೆದ. ಆಮೇಲೆ ಮಧ್ಯಾಹ್ನದ ಊಟಕ್ಕೂ ಏಳದೆ ಮೂವರೂ ಅದನ್ನೇ ಮಾಡಿದೆವು. ನಾನು ಸವರುವುದು, ಹೇಳುವುದು; ಅಪ್ಪ ಗೆರೆ ಎಳೆಯುವುದು; ಮಾದೇವಣ್ಣ ಎತ್ತಿ ಆಯಾ ಗುಡ್ಡೆಗೆ ಇಡುವುದು. ಅವ್ವ ಅಲ್ಲಿಗೇ ಎಡೆ ತಂದಳು, ಹೋಳಿಗೆಯ ಚೂರು ನನ್ನ ಬಾಯಿಗೆ ಇಟ್ಟಳು, ಏಕೆಂದರೆ ನನ್ನ ಕೈ ಎಣ್ಣೆಯಾಗಿತ್ತು. ಅವತ್ತು ಮೂಸಿ ನೋಡುವ ಶಾಸ್ತ್ರ ಇರಲಿಲ್ಲ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಕೊನೆಗೆ ನಾಲ್ಕು ತೋಳುಗಳು ಉಳಿದವು. ಟ್ರೆಡಲ್‌ನ ಎರಡೂ ಪಕ್ಕದಲ್ಲಿ ಎರಡು ಉದ್ದನೆಯ ಕಬ್ಬಿಣದ ತೋಳುಗಳಿರುತ್ತವೆ. ಹಾಳೆ ಕೂರುವ ಹಲಗೆಯನ್ನು ಮೊಳೆಗಳ ಮೇಲೆ ಎಳೆದು ಒತ್ತುವುದು ಇವೇ. ಎಡದ್ದು ಬಲದ್ದು ಯಾವುದೆಂಬುದು ನೋಡಿದರೇ ಗೊತ್ತಾಗುತ್ತದೆ, ಯಾವ ಎಡಕ್ಕೆ ಯಾವ ಬಲ ಜೋಡಿ ಎಂಬುದು ಗೊತ್ತಾಗುವುದಿಲ್ಲ. ಇವುಗಳ ಮೇಲೆ ಯಾವಾಗಲೂ ಎಣ್ಣೆ ಇಳಿಯುತ್ತಿದ್ದರಿಂದ ತುಕ್ಕಿನ ಗುಳಿ ಹಿಡಿದಿರಲೇ ಇಲ್ಲ. ನಾಲ್ಕೂ ನುಣುಪು. ಸವರಿದೆ, ಮತ್ತೆ ಸವರಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಬೆಳಗಿನಿಂದ ಒಂದೂ ತಪ್ಪು ಹೇಳದವಳು, ಇದೊಂದು ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಕೈಗೆ ಸಿಕ್ಕ ಒಂದು ಎಡ, ಒಂದು ಬಲ ತೋರಿಸಿ ಇವು ಒಂದನೇದು ಎಂದುಬಿಟ್ಟೆ.

"ಖಂಡಿತವಾ ಮಗಾ?" ಅಪ್ಪ ಕೇಳಿದ.

"ಖಂಡಿತ," ಎಂದೆ.

ವಿಜಯದಶಮಿಯ ಬೆಳಿಗ್ಗೆ ಟೆಂಪೋದಲ್ಲಿ ಒಂದನೇ ಮಷೀನು ಹೊರಟಿತು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ, ಅದೇ ಮೊದಲು. ಪುಟ್ಟಸ್ವಾಮಿಯವರ ಪ್ರೆಸ್ಸು ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆ. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಮಾವಿನೆಲೆ, ಒಂದು ಗೋಡೆಯುದ್ದಕ್ಕೂ ಮೊಳೆ ಕೇಸುಗಳು. ಅಪ್ಪನೂ ಮಾದೇವಣ್ಣನೂ ಮಧ್ಯಾಹ್ನದೊಳಗೆ ಜೋಡಿಸಿ ಮುಗಿಸಿದರು. ಅಷ್ಟರಲ್ಲಿ ಐನೋರು ಬಂದರು, ನೆಂಟರಿಷ್ಟರು ಬಂದರು, ಕಾಯಿ ಒಡೆದದ್ದಾಯಿತು. ಪುಟ್ಟಸ್ವಾಮಿಯವರು ಹೊಸ ಪಂಚೆಯಲ್ಲೇ ನಿಂತು ತುಳಿದರು. ಗಾಲಿ ತಿರುಗಿತು, ಹಲಗೆ ಹೋಗಿ ಮೊಳೆಯನ್ನು ಮುಟ್ಟಿ ಬಂತು, ಮೊದಲ ಹಾಳೆ ಈಚೆಗೆ ಬಂತು. ಚಿಕ್ಕತಾಯಮ್ಮ ಮುದ್ರಣಾಲಯ, ತಿ. ನರಸೀಪುರ. ಚಿಕ್ಕತಾಯಮ್ಮ ಅವರ ತಾಯಿ. ಬೇರೆಯವರ ಹೆಸರುಗಳನ್ನೇ ಜೋಡಿಸಿಕೊಂಡು ಬಂದಿದ್ದ ಆ ಮನುಷ್ಯ ತಾಯಿಯ ಹೆಸರನ್ನು ಎರಡು ಸಲ ಓದಿ ಎಲ್ಲರ ಮುಂದೆ ಅತ್ತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಹಾಳೆ ಕೈಯಿಂದ ಕೈಗೆ ಹೋಗಿ ಅಪ್ಪನ ಕೈಗೆ ಬಂತು.

ಅಪ್ಪ ಬೆನ್ನು ಸವರಿದ. ಬೆರಳು ಒಂದು ತುದಿಗೆ ಬಂದು ನಿಂತಿತು. ಮುಖದಲ್ಲಿ ಏನೂ ತೋರಿಸಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡುತ್ತ ನಿಂತ. ನಾನು ಸವರಿದೆ. ಎಡಕ್ಕಿದ್ದ 'ಚಿಕ್ಕ' ಹಾಳೆಯನ್ನು ತೂತು ಮಾಡುವಷ್ಟು ಒತ್ತಿತ್ತು. ಬಲಕ್ಕಿದ್ದ 'ಲಯ' ಮುಟ್ಟಿಯೂ ಮುಟ್ಟದ ಹಾಗಿತ್ತು. ಎಡಗಡೆಯ ತೋಳು ಇದರದ್ದಲ್ಲ. ಹಾಳೆಯ ಮುಖ ಚೆನ್ನಾಗಿಯೇ ಇತ್ತು, ಅಲ್ಲಿದ್ದ ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಸುಮ್ಮನಿದ್ದರೆ ಎಲ್ಲರೂ ಹೋಳಿಗೆ ತಿಂದು ಮನೆಗೆ ಹೋಗುತ್ತಿದ್ದರು, ನಾನು ಜಾಣೆ ಎನಿಸಿಕೊಂಡೇ ನಂಜನಗೂಡಿಗೆ ಮರಳುತ್ತಿದ್ದೆ. ಆದರೆ ಆರು ತಿಂಗಳಲ್ಲಿ ಆ ಮನುಷ್ಯನ ಎಡಸಾಲಿನ ಮೊಳೆಗಳೆಲ್ಲ ನುಜ್ಜಾಗಿ ಹೋಗುತ್ತಿದ್ದವು. ಅಪ್ಪ ತಾನೇ ಹೇಳಬಹುದಿತ್ತು. ಹೇಳಲಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತಾನೆ ಎಂದು ಅವನು ನಿಂತ ರೀತಿಯಲ್ಲೇ ಗೊತ್ತಾಯಿತು.

"ಎಡಗಡೆ ತೋಳು ಬೇರೆ ಮಷೀನಿಂದು," ಎಂದೆ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. "ನಂಗೆ ಗೊತ್ತಿರಲಿಲ್ಲ. ಗೊತ್ತು ಅಂತ ಸುಳ್ಳು ಹೇಳ್ದೆ. ಇದನ್ನ ಬಿಚ್ಚಬೇಕು."

ಮಾದೇವಣ್ಣ ನನ್ನನ್ನು ಉಳಿಸಲು ನೋಡಿದ.

"ಇಂದ್ಗಡೆ ತಿರುಪು ಒಸಿ ಬಿಗಿ ಮಾಡುದ್ರೆ ಸರೋಯ್ತದೆ ಬುಡಿ. ಕೂಸು ಎದ್ರುಕತು."

"ಇವತ್ತಿಗೆ ಸರಿಹೋಗುತ್ತೆ," ಎಂದೆ. "ತೋಳಿನ ತುದಿಯ ತೂತು ಸಡಿಲ ಇದೆ, ನಾಳೆ ಮತ್ತೆ ಹಿಂಗೇ ಒತ್ತುತ್ತೆ."

ಪುಟ್ಟಸ್ವಾಮಿಯವರ ಮುಖ ನೋಡಲು ನನಗಾಗಲಿಲ್ಲ. ಅವರು ಅಪ್ಪನ ಕಡೆ ತಿರುಗಿದರು.

"ಏನ್ ನಂಜುಂಡಪ್ನೋರೆ ಇದು? ಪೂಜೆ ಮಾಡಿ ಗಳಿಗೆ ಆಗಿಲ್ಲ, ಇಷ್ಟು ಜನದ ಮುಂದೆ ಮಷೀನ್ ಬಿಚ್ಚದಾ? ಇದೇನ್ ಮಕ್ಕಳಾಟವಾ?"

"ಅವಳು ಹೇಳೋದು ಸರಿ," ಎಂದ ಅಪ್ಪ. "ಬಿಚ್ಚಲೇಬೇಕು. ಇದು ಸರಿಹೋಗೋ ತನಕ ನಾವು ಇಲ್ಲಿಂದ ಏಳೋದಿಲ್ಲ." ಆಮೇಲೆ ಚೀಲದಿಂದ ಸ್ಪ್ಯಾನರ್ ತೆಗೆದು ನನ್ನ ಕಡೆ ಚಾಚಿದ. "ತಪ್ಪು ಯಾರ್ದು? ಬಿಚ್ಚು."

ಬಿಚ್ಚಿದೆ. ಎರಡೂ ಕೈಯಲ್ಲಿ ಹಿಡಿದು, ನೆಂಟರೆಲ್ಲ ಪಿಸುಗುಟ್ಟುತ್ತ ಎದ್ದು ಹೋಗುವಾಗ, ಹೊಸ ಲಂಗಕ್ಕೆ ಮಸಿ ಮೆತ್ತಿಕೊಂಡು ಬಿಚ್ಚಿದೆ. ನಾಚಿಕೆಯಾಗಿತ್ತು, ನಿಜ. ಆದರೆ ಬೋಲ್ಟು ಮೊದಲ ಸಲ ಕದಲಿದಾಗ ನಾಚಿಕೆ ಅರ್ಧ ಹೋಯಿತು. ಪಕ್ಕದ ಅಂಗಡಿಯ ಫೋನಿನಿಂದ ನಮ್ಮ ಎದುರುಮನೆಗೆ ಫೋನ್ ಮಾಡಿ ಅವ್ವನನ್ನು ಕರೆಸಿ, ಇನ್ನೊಂದು ಗುಡ್ಡೆಯಲ್ಲಿರುವ ಎಡಗಡೆಯ ತೋಳು ತರಬೇಕೆಂದು ಹೇಳಿದೆ. ಮಷೀನು ತೋಳು ಮುರಿದುಕೊಂಡವರ ಹಾಗೆ ನಿಂತಿತ್ತು. ಪುಟ್ಟಸ್ವಾಮಿಯವರು ಕೇಸುಗಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಊಟಕ್ಕೂ ಏಳಲಿಲ್ಲ.

ಮೂರು ಗಂಟೆಯ ಬಸ್ಸಿಗೆ ಅವ್ವ ಬಂದಳು. ಕಂಡಕ್ಟರೇ ಗೋಣಿಚೀಲವನ್ನು ಇಳಿಸಿ ಬಾಗಿಲತನಕ ಹೊತ್ತು ತಂದುಕೊಟ್ಟ. ಬಿಚ್ಚಿ ನೋಡಿದರೆ ಒಳಗೆ ಹಳೇ ಸೀರೆಯಲ್ಲಿ ಸುತ್ತಿದ ಎರಡು ತೋಳುಗಳು.

"ಎಡ ಯಾವ್ದು ಬಲ ಯಾವ್ದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಎರಡೂ ತಂದೆ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಇನ್ಮೇಲೆ ಏನ್ ಗುರುತು ಹಾಕಿದ್ರೂ ನಂಗೊಂದು ಮಾತು ಹೇಳಿ," ಎಂದಳು. ಅಪ್ಪ ತಲೆಯಾಡಿಸಿದ. ನಾನು ಕಂಡಂತೆ ಮಷೀನಿನ ವಿಷಯದಲ್ಲಿ ಅವನು ಅವಳ ಮಾತಿಗೆ ಎದುರಾಡದೆ ಒಪ್ಪಿಕೊಂಡದ್ದು ಅದೇ ಮೊದಲು.

ತೋಳು ಹಾಕಿದೆವು. ಮಾದೇವಣ್ಣ ಹಿಡಿದ, ನಾನು ಬಿಗಿದೆ, ಕೊನೆಯ ಸುತ್ತು ಮಾತ್ರ ನನ್ನ ಕೈಯಲ್ಲಿ ಆಗದೆ ಅಪ್ಪ ಬಿಗಿದ. ಅಪ್ಪ ಕರೆದರೂ ಪುಟ್ಟಸ್ವಾಮಿಯವರು ತುಳಿಯಲು ಏಳಲಿಲ್ಲ. ಅಪ್ಪನೇ ತುಳಿದು ಒಂದು ಹಾಳೆ ತೆಗೆದು ನನಗೆ ಕೊಟ್ಟ. ಸವರಿದೆ. ಚಿಕ್ಕತಾಯಮ್ಮನ ಹೆಸರು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇತ್ತು. ನಾನು ಹೋಗಿ ಪುಟ್ಟಸ್ವಾಮಿಯವರ ಪಕ್ಕ ನೆಲದ ಮೇಲೆ ಕೂತೆ. ಮೊದಲಿನ ಹಾಳೆಯನ್ನೂ ಈಗಿನದನ್ನೂ ಬೆನ್ನು ಮೇಲಾಗಿ ಅವರ ಮುಂದಿಟ್ಟು, ಎರಡನ್ನೂ ಸವರಿ ನೋಡಿ ಎಂದೆ. ಮೊಳೆ ಆರಿಸಿ ಆರಿಸಿ ಗಟ್ಟಿಯಾದ ಬೆರಳುಗಳು. ಮೊದಲನೆಯದನ್ನು ಸವರಿದರು. ಎರಡನೆಯದನ್ನು ಸವರಿದರು. ಮತ್ತೆ ಮೊದಲನೆಯದರಲ್ಲಿ 'ಚಿಕ್ಕ' ಉಬ್ಬಿದ್ದ ಕಡೆಗೆ ಹೋಗಿ ಅಲ್ಲಿಯೇ ಬೆರಳಿಟ್ಟರು.

"ನೀನು ಬಾಯ್ಬುಡ್ದೆ ಇದ್ದಿದ್ರೆ ನನ್ ಮೊಳೆ ಎಲ್ಲ ಓಯ್ತಿದ್ದೊ ಅಲ್ವಾ ಕೂಸೇ?"

"ಹೂಂ," ಎಂದೆ.

ಅವರು ಎದ್ದು ಪಂಚೆ ಕೊಡವಿಕೊಂಡರು. ಎಲ್ಲರಿಗೂ ಎಲೆ ಹಾಕಲು ಮನೆಯವರಿಗೆ ಹೇಳಿದರು. ಆಮೇಲೆ ಅಪ್ಪನನ್ನು ದಾಟಿ ನನ್ನ ಮುಂದೆಯೇ ಬಂದು ನಿಂತರು.

"ಬನ್ನೂರಲ್ಲಿ ನನ್ ಜೊತೆಗಾರ ಒಬ್ಬ ಪ್ರೆಸ್ ಇಡ್ಬೇಕು ಅಂತ ಕುಂತವ್ನೆ. ನಿಮ್ಮನೇಲಿ ಇನ್ನೊಂದು ಮಷೀನು ಅದಲ್ಲ, ಅದ್ಕೆ ಏನ್ ಬೆಲೆ ಏಳ್ತೀಯವ್ವ?"

ಅಪ್ಪ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು ನನ್ನ ಕಡೆ ನೋಡಿದ. ನಾನು ಲಂಗಕ್ಕೆ ಕೈ ಒರೆಸಿಕೊಂಡು ಬೆಲೆ ಹೇಳಿದೆ. ಅದನ್ನು ಕೇಳಿ ಅಪ್ಪನಿಗೆ ಕೆಮ್ಮು ಬಂತು. ಪುಟ್ಟಸ್ವಾಮಿಯವರು ಚೌಕಾಸಿ ಮಾಡಲಿಲ್ಲ.